ಮೂರನೇ ನಂಬರಿನವರು

ಇದನ್ನು ಹೇಳುವುದನ್ನು ನಾನು ವರ್ಷಗಟ್ಟಲೆ ಮುಂದಕ್ಕೆ ಹಾಕುತ್ತ ಬಂದೆ. ಮೊದಲು ಕೆಲಸದಲ್ಲಿದ್ದೇನೆ, ಕಂಪನಿಯವರು ಏನಾದರೂ ಅಂದಾರು ಎಂಬ ನೆಪವಿತ್ತು. ಕೆಲಸ ಬಿಟ್ಟ ಮೇಲೆ ಕಣ್ಣಿನ ಪೊರೆಯ ನೆಪ. ಪೊರೆ ತೆಗೆಸಿದ ಮೇಲೆ, ಅವರು ಬದುಕಿಯೇ ಇದ್ದಾರಲ್ಲ, ಬರೆಯುವುದಕ್ಕಿಂತ ಹೋಗಿ ಎದುರಿಗೆ ಹೇಳುವುದೇ ಸರಿ ಅಂದುಕೊಂಡೆ. ನಾವೀಗ ಇರುವ ಲೋವರ್ ಹಟ್‌ನಿಂದ ತರನಾಕಿಯ ಅವರ ಮನೆಗೆ ಕಾರಿನಲ್ಲಿ ಅರ್ಧ ದಿನದ ದಾರಿ. ಹೋಗಲಿಲ್ಲ. ಹೋದ ತಿಂಗಳು ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಅವರು ತೀರಿಕೊಂಡ ಸುದ್ದಿ ಬಂತು.

ಅವರನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ. ನನಗಿಂತ ಏಳೆಂಟು ವರ್ಷ ದೊಡ್ಡವರು. ಧಾರವಾಡದ ಕಡೆಯವರು. ಗಂಡ ಇಂಜಿನಿಯರು, ಇವರು ಹಾಲಿನ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಇಬ್ಬರೂ ದುಡಿದು ತರನಾಕಿ ಬೆಟ್ಟದ ಬುಡದಲ್ಲಿ ಮೂವತ್ತು ಎಕರೆ ಹುಲ್ಲುಗಾವಲು ಕೊಂಡಿದ್ದರು. ಗಂಡ ತೀರಿಕೊಂಡ ಮೇಲೆ ಮಗಳು ಕ್ರೈಸ್ಟ್‌ಚರ್ಚಿನ ರಿಕ್ಕರ್ಟನ್‌ಗೆ ಬಂದುಬಿಡು ಎಂದು ಕರೆದಳಂತೆ. ಇವರು ಹೋಗಲಿಲ್ಲ. ಹದಿನೈದು ಹೋರಿಗರು, ಹತ್ತಾರು ಕೋಳಿ, ಒಂದು ದೊಡ್ಡ ಕಪ್ಪು ನಾಯಿ. ನಾಯಿಯ ಹೆಸರು ಬಾಳ್ಯಾ.

ನನ್ನ ಕೆಲಸದ ವಿಷಯವನ್ನೂ ಹೇಳಬೇಕು. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಹುಣಸೂರಿನ ಕಡೆ ಸರ್ವೆಯವರ ಹಿಂದೆ ಸರಪಳಿ ಹಿಡಿದುಕೊಂಡು ಓಡಾಡುತ್ತಿದ್ದವನು. ಈ ದೇಶಕ್ಕೆ ಬಂದದ್ದು ನನ್ನ ಯೋಗ್ಯತೆಯಿಂದಲ್ಲ, ಹೆಂಡತಿ ನರ್ಸ್ ಆಗಿದ್ದಳು, ಅವಳ ವೀಸಾದ ಬೆನ್ನಿಗೆ ನಾನೂ ಬಂದೆ. ತರನಾಕಿಯಲ್ಲಿ ಎಣ್ಣೆ, ಗ್ಯಾಸು ಹುಡುಕುವ ಒಂದು ಕಂಪನಿಗಾಗಿ ರೈತರಿಂದ ಜಮೀನಿನ ಒಪ್ಪಿಗೆ ಪಡೆಯುವ ಗುತ್ತಿಗೆದಾರರಿದ್ದರು. ಅವರಲ್ಲಿ ಮೊದಲು ಗೂಟ ಹೊಡೆಯುವ ಕೆಲಸ ಸಿಕ್ಕಿತು. ರೈತರು ನನ್ನ ಜೊತೆ ನಿಂತು ಮಾತಾಡುವುದನ್ನು ನೋಡಿ ಮ್ಯಾನೇಜರು ನನ್ನನ್ನು ರೈತರ ಮನೆಗೆ ಹೋಗಿ ಕೂತು ಬರುವ ಕೆಲಸಕ್ಕೆ ಹಾಕಿದ. ಓಡಾಡಲು ಒಂದು ಯೂಟ್, ಅಂದರೆ ಹಿಂಭಾಗ ತೆರೆದಿರುವ ಗಾಡಿ, ಕೊಟ್ಟ. ಅದಕ್ಕೊಂದು ದೊಡ್ಡ ಹೆಸರಿತ್ತು, ಆದರೆ ಕೆಲಸ ಅಷ್ಟೇ: ಹೋಗುವುದು, ಚಹಾ ಕುಡಿಯುವುದು, ಹವಾಮಾನದ ಮಾತಾಡುವುದು, ಬರುವುದು.

ಬಂದ ಮೇಲೆ ಭೇಟಿಯ ಟಿಪ್ಪಣಿ ಬರೆಯಬೇಕು. ಒಂದು ಹಾಳೆಯ ನಮೂನೆ. ನಾಯಿ ಕಚ್ಚುತ್ತದೆಯೇ, ಮನೆಯಲ್ಲಿ ತೀರ್ಮಾನ ಯಾರದು, ಯಾವ ಹೊತ್ತಿನಲ್ಲಿ ಹೋದರೆ ಸಿಟ್ಟಾಗುತ್ತಾರೆ. ಕೊನೆಯಲ್ಲಿ ‘ಇತರೆ’ ಎಂದು ಒಂದು ಕಾಲಂ. ಯಾರ ಹೆಸರನ್ನೂ ಬರೆಯುವಂತಿರಲಿಲ್ಲ, ಜಮೀನಿಗೆ ನಂಬರು. ಅಕ್ಕನ ಜಮೀನು ಮುಂದೆ ದಾರಿಯಿಲ್ಲದ ಒಂದು ರಸ್ತೆಯ ತುದಿಯಲ್ಲಿತ್ತು. ಆ ರಸ್ತೆಯಲ್ಲಿ ಮೂರೇ ಮನೆ. ಅಕ್ಕ ಮೂರನೇ ನಂಬರು.

ಮೊದಲ ಸಲ ಹೋದಾಗ ಗೇಟು ತೆರೆದಿತ್ತು. ನಾನು ಒಳಗೆ ಹೋಗಿ, ಜವಾಬ್ದಾರಿಯಿಂದ ಅದನ್ನು ಹಾಕಿ ಚಿಲಕ ಬಿಗಿದೆ. ಮನೆಯ ಮೆಟ್ಟಿಲಿನಿಂದ ಯಾರೋ ಇಂಗ್ಲಿಷಿನಲ್ಲಿ ಕೂಗಿದರು. ಹತ್ತಿರ ಹೋಗಿ ನನ್ನ ಹೆಸರು ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಕನ್ನಡಕ್ಕೆ ತಿರುಗಿದರು.

“ಗೇಟ ಯಾಕ ಹಾಕಿದ್ರಿ? ನಾ ತೆರದಿಟ್ಟಿದ್ದೆ. ನನ್ನ ದನಾ ನೀರಿಗೆ ಹೆಂಗ ಹೋಗಬೇಕು?”

ಹಾಕಿದ್ದು ಒಳ್ಳೆಯದಕ್ಕೇ ಅಂದೆ.

“ಒಳ್ಳೇದು ಕೆಟ್ಟದ್ದು ನೀವು ತೀರ್ಮಾನ ಮಾಡಬ್ಯಾಡ್ರಿ. ತೆರದದ್ದು ತೆರದಿರಬೇಕು, ಹಾಕಿದ್ದು ಹಾಕಿರಬೇಕು. ಮಂದಿ ಹೊಲದಾಗ ಕಾಲಿಟ್ಟ ಮ್ಯಾಲ ಇದ್ದಂಗ ಬಿಟ್ಟು ಬರೂದು.” ಆಮೇಲೆ ಬೊಗಳುತ್ತಿದ್ದ ನಾಯಿಯ ಕಡೆ ತಿರುಗಿ, “ಬಾಳ್ಯಾ, ಸುಮ್ಕಿರು. ಮೈಸೂರವ್ರು, ಕಳ್ಳರಲ್ಲ” ಎಂದರು.

ನಾನು ವಾಪಸ್ಸು ನಡೆದು ಹೋಗಿ ಗೇಟು ತೆರೆದು ಬಂದೆ. ಅಷ್ಟರಲ್ಲಿ ಒಲೆಯ ಮೇಲೆ ಚಹಾಕ್ಕೆ ನೀರಿಟ್ಟಿದ್ದರು. ಅವತ್ತಿನಿಂದ ಅವರಿಗೆ ನಾನು ‘ಸರ್ವೇದವರು’. ಸರ್ವೇದವರ, ರೊಟ್ಟಿ ತಿನ್ರಿ. ಸರ್ವೇದವರ, ನಿಮ್ಮ ಮೈಸೂರಾಗ ಸಾರಿಗೂ ಬೆಲ್ಲ ಹಾಕ್ತಾರಂತ, ಖರೆ ಏನು?

ಲ್ಯಾಬಿನ ಕೆಲಸ ಅವರ ಕೈಯಿಂದ ಹೋಗಿರಲಿಲ್ಲ. ನೀರಿನ ಲೋಟ ಕೊಡುವ ಮೊದಲು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಹಾಲನ್ನು ಮೂಸದೆ ಚಹಾಕ್ಕೆ ಹಾಕುತ್ತಿರಲಿಲ್ಲ. ಮನೆಯಲ್ಲಿ ಎಲ್ಲದರ ಮೇಲೂ ತಾರೀಕು ಮತ್ತು ತಮ್ಮ ಹೆಸರಿನ ಮೊದಲಕ್ಷರ ಬರೆದಿರುತ್ತಿತ್ತು: ಉಪ್ಪಿನಕಾಯಿಯ ಬಾಟಲಿ, ಶೇಂಗಾ ಚಟ್ನಿಯ ಡಬ್ಬಿ, ಆಕ್ಲೆಂಡಿನ ಸ್ಯಾಂಡ್ರಿಂಗಮ್ ಬಡಾವಣೆಯ ಇಂಡಿಯನ್ ಅಂಗಡಿಯಿಂದ ತರಿಸಿದ ಜೋಳದ ಹಿಟ್ಟಿನ ಚೀಲ. ಮೊಟ್ಟೆಗಳ ಮೇಲೂ ಪೆನ್ಸಿಲ್ಲಿನಲ್ಲಿ. ಒಂದು ಮೊಟ್ಟೆ ತೋರಿಸಿ, ಕೋಳಿಯದೂ ಒಂದು ಸಹಿ ಹಾಕಿಸಬೇಕಿತ್ತಲ್ಲ ಅಕ್ಕ ಅಂದೆ. ಹಾಕಸ್ತಿದ್ದೆ, ಅದು ಇಂಗ್ಲಿಷ್ ಕೋಳಿ, ಓದದೇ ಸಹಿ ಹಾಕೂದಿಲ್ಲಂತ, ಎಂದರು.

ಅವರ ಮೇಲಿನ ಹೊಲದಲ್ಲಿ ಒಂದು ಒರತೆ ಇತ್ತು. ಅದರ ನೀರು ಪೈಪಿನಲ್ಲಿ ಇಳಿದು ಮೂರೂ ಜಮೀನಿನ ದನಗಳ ತೊಟ್ಟಿಗೆ, ಮನೆಗಳಿಗೆ ಹೋಗುತ್ತಿತ್ತು. ಅವರಿಗೆ ಆ ಒರತೆಯೆಂದರೆ ಜೀವ. ಒಂದು ದಿನ ನನ್ನನ್ನು ಕರೆದುಕೊಂಡು ಹೋಗಿ ನೀರಿನ ಮಾದರಿ ಹಿಡಿಯುವುದು ಹೇಗೆಂದು ತೋರಿಸಿದರು. ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ಗಲಬರಿಸಿ ಚೆಲ್ಲಿ, ನಾಲ್ಕನೇ ಸಲ ತುಂಬಿ, ಮುಚ್ಚಳವನ್ನು ಅಂಗೈಯಲ್ಲಿ ಇಡದೆ ಎರಡು ಬೆರಳಲ್ಲಿ ಹಿಡಿದು ಮುಚ್ಚಿದರು.

“ನೀರು ಸುಳ್ಳು ಹೇಳೂದಿಲ್ರಿ. ತೊಳೀಲಾರದ ಬಾಟ್ಲಿ ಸುಳ್ಳು ಹೇಳ್ತೈತಿ” ಎಂದರು.

ಈ ದೇಶದಲ್ಲಿ ನೆಲದ ಆಳದಲ್ಲಿರುವ ಎಣ್ಣೆ, ಗ್ಯಾಸು ಜಮೀನಿನ ಮಾಲೀಕರದಲ್ಲ, ಸರ್ಕಾರದ್ದು. ಕಾಗದಪತ್ರದಲ್ಲಿ ರಾಜಮನೆತನದ ಹೆಸರಿನಲ್ಲಿರುತ್ತದೆ. ಕಂಪನಿ ರೈತನ ಹತ್ತಿರ ಬರುವುದು ಮೇಲಿನ ನೆಲದ ಮೇಲೆ ಕಾಲಿಡಲು, ಯಂತ್ರ ನಿಲ್ಲಿಸಲು, ಲಾರಿ ಓಡಿಸಲು. ಅದಕ್ಕೆ ಬಾಡಿಗೆ, ಅದಕ್ಕೆ ಷರತ್ತು. ರೈತ ಒಪ್ಪದಿದ್ದರೆ ವಿಷಯ ಮಧ್ಯಸ್ಥಗಾರರ ಮುಂದೆ ಹೋಗುತ್ತದೆ, ಕೊನೆಗೆ ಬೇಡವೇ ಬೇಡ ಎನ್ನುವ ಹಕ್ಕು ರೈತನಿಗಿಲ್ಲ. ಆದರೆ ಅದಕ್ಕೆ ಕಾಲ ಹಿಡಿಯುತ್ತದೆ. ನಮ್ಮ ಕಂಪನಿಗೆ ಕಾಲವಿರಲಿಲ್ಲ, ಪರವಾನಗಿಯ ಗಡುವು ಹತ್ತಿರ ಬಂದಿತ್ತು. ರೈತರ ಕೈಯಲ್ಲಿದ್ದದ್ದು ಅದೊಂದೇ ಬಲ.

ಅಕ್ಕ ಇದನ್ನು ಬೇಗ ಅರ್ಥ ಮಾಡಿಕೊಂಡರು. ಮ್ಯಾನೇಜರು ಅವರ ಮನೆಗೆ ಒಮ್ಮೆ ತಾನೇ ಬಂದು ನಕ್ಷೆ ಹರಡಿ ವಿವರಿಸಿದಾಗ ಸಮಾಧಾನದಿಂದ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಕೇಳಿದರು. ಅವನು ನಕ್ಕು ನಕ್ಷೆ ಮಡಚಿದ. ಅವನು ಹೋದ ಮೇಲೆ ಅದನ್ನೇ ನನಗೆ ಕನ್ನಡದಲ್ಲಿ ಹೇಳಿದರು: “ಮ್ಯಾಲಿನ ಹುಲ್ಲು ನಂದು, ತಳದಾಗಿನ ಗ್ಯಾಸು ರಾಣೀದು. ನಡುವಿನ ನೀರು ಯಾರದ್ರಿ?”

ಮೂರೂ ಮನೆಯವರು ಅಕ್ಕನ ಅಡುಗೆಮನೆಯಲ್ಲಿ ಕೂತು ಒಂದು ಮಾತಿಗೆ ಬಂದಿದ್ದರು. ಯಾರೂ ಒಬ್ಬರೇ ಕಂಪನಿಯ ಜೊತೆ ಕೂರಬಾರದು. ಗ್ಯಾಸಿನ ಬಾವಿ ಯಾರ ಹೊಲದಲ್ಲಿ ಕೊರೆದರೂ ಷರತ್ತು ಮೂವರದು. ಮುಖ್ಯ ಷರತ್ತು ಅಕ್ಕನದು: ಕೊರೆಯುವ ಮೊದಲೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ, ಹೊರಗಿನವರು ಬಂದು ಒರತೆಯ ನೀರು ಪರೀಕ್ಷೆ ಮಾಡಬೇಕು, ಫಲಿತಾಂಶ ಮೂರು ಮನೆಗೂ ಬರಬೇಕು, ಕೆಟ್ಟದ್ದು ಕಂಡರೆ ಯಂತ್ರ ನಿಲ್ಲಬೇಕು. ಈ ಕೊನೆಯ ಮಾತು ಕಂಪನಿಗೆ ನುಂಗಲಾರದ ತುತ್ತಾಗಿತ್ತು. ಮೂವರೂ ಕೈ ಕುಲುಕಿದರು. ಕಾಗದ ಇರಲಿಲ್ಲ. ಆ ಸೀಮೆಯಲ್ಲಿ ಕೈ ಕುಲುಕಿದರೆ ಮುಗಿಯಿತು.

ಹೀಗೆ ಎರಡು ತಿಂಗಳು ಕಂಪನಿ ಅಲುಗಾಡಲಿಲ್ಲ, ಅವರೂ ಅಲುಗಾಡಲಿಲ್ಲ. ನಾನು ವಾರಕ್ಕೊಮ್ಮೆ ಹೋಗಿ ರೊಟ್ಟಿ ತಿಂದು ಬರುತ್ತಿದ್ದೆ. ನನ್ನ ಟಿಪ್ಪಣಿಯ ‘ಇತರೆ’ ಖಾಲಿ ಇರುತ್ತಿತ್ತು. ನಿನ್ನ ಭಾಷೆಯವಳೇ ಇದ್ದಾಳೆ, ನೀನು ಹೊಟ್ಟೆ ತುಂಬಿಸಿಕೊಂಡು ಬರುತ್ತೀಯೇ ಹೊರತು ಕೈ ಖಾಲಿ ಎಂದು ಮ್ಯಾನೇಜರು ಎಲ್ಲರೆದುರು ತಮಾಷೆ ಮಾಡಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅದು ನನಗೆ ಎಷ್ಟು ಚುಚ್ಚಿತ್ತೆಂದು ಆಮೇಲೆ ಗೊತ್ತಾಯಿತು.

ಒಂದು ದಿನ ಅಕ್ಕ ರೊಟ್ಟಿ ತಟ್ಟುತ್ತ, ನನ್ನ ಕಡೆ ನೋಡದೆ ಕೇಳಿದರು.

“ನಿಮ್ಮ ಮನಿಯವ್ರು ನರ್ಸ್ ಇದ್ದಾರಲ್ರಿ. ಅವರಿಗೊಂದ ಮಾತು ಕೇಳಿ ಹೇಳ್ತೀರೇನು?”

ವಿಷಯ ಪಕ್ಕದ ಎರಡನೇ ನಂಬರಿನ ರೈತನ ಹೆಂಡತಿಯದು. ಅವಳಿಗೆ ಕೈ ನಡುಗುವ ಕಾಯಿಲೆ ಶುರುವಾಗಿತ್ತು.

“ಕಪ್ಪು ಹಿಡೀಲಿಕ್ಕೆ ಬರವಲ್ದು. ಡಾಕ್ಟರು ಹೆಸರು ಹೇಳಿ ಗುಳಿಗಿ ಕೊಟ್ಟು ಕಳಿಸ್ಯಾರ. ಮನ್ಯಾಗ ಹೆಂಗ ನೋಡ್ಕೋಬೇಕು, ಹೇಳವ್ರಿಲ್ಲ. ಹೊಲ ಬಿಟ್ಟು ಪ್ಯಾಟಿಗೆ ಹೋಗೂನು ಅಂತ ಆತ ಅಂತಾನ, ನಾ ಇಲ್ಲೇ ಸಾಯ್ತೀನಿ ಅಂತ ಆಕಿ ಅಂತಾಳ. ನನಗೊಬ್ಬಾಕಿಗೆ ಹೇಳ್ಯಾನ. ಯಾರಿಗೂ ಗೊತ್ತಾಗೂದು ಬ್ಯಾಡ, ಸರ್ವೇದವರ.”

ಕೇಳ್ತೀನಿ ಅಕ್ಕ, ಅಂದೆ.

ಅವರು ಅದನ್ನು ನನಗೆ ಹೇಳಿದ್ದು ಕನ್ನಡದಲ್ಲಿ, ಉಣ್ಣುವ ತಟ್ಟೆಯ ಮುಂದೆ. ನಾನು ಯಾರ ಸಂಬಳ ತಿನ್ನುತ್ತೇನೆಂದು ಅವರಿಗೆ ಗೊತ್ತಿತ್ತು, ಕಂಪನಿಯ ಗುರುತಿನ ಯೂಟು ಕಿಟಕಿಯಾಚೆಗೇ ನಿಂತಿತ್ತು. ಆದರೂ ಅವರ ಲೆಕ್ಕದಲ್ಲಿ ಹೊರಗೆ ಯೂಟಿನಲ್ಲಿ ಬಂದವನು ಬೇರೆ, ಒಳಗೆ ಬೂಟು ಬಿಚ್ಚಿ ಕೂತು ಕನ್ನಡ ಮಾತಾಡುವವನು ಬೇರೆ. ನಮ್ಮ ಕಡೆಯವರು ಪರದೇಶದಲ್ಲಿ ಮಾಡುವ ತಪ್ಪು ಇದು. ಇಂಗ್ಲಿಷಿನಲ್ಲಿ ಅಷ್ಟು ಎಚ್ಚರದಿಂದ ಇರುತ್ತಿದ್ದ ಅವರು, ಭಾಷೆ ಬದಲಾದ ಕೂಡಲೇ ಮನೆಯೊಳಗೆ ಬಂದಂತೆ ಆಗುತ್ತಿದ್ದರು.

ಅವತ್ತು ಆಫೀಸಿಗೆ ಹೋಗಿ ನಮೂನೆ ತೆಗೆದುಕೊಂಡೆ. ‘ಇತರೆ’ ಕಾಲಂನಲ್ಲಿ ಬರೆದೆ: ‘ಎರಡನೇ ನಂಬರಿನವರ ಪತ್ನಿಗೆ ಗಂಭೀರ ಅನಾರೋಗ್ಯ. ಜಮೀನು ಬಿಟ್ಟು ಪಟ್ಟಣಕ್ಕೆ ಹೋಗುವ ಯೋಚನೆ. ಬೇಗ ಇತ್ಯರ್ಥಕ್ಕೆ ಒಪ್ಪಬಹುದು. ತಿಳಿಸಿದವರು: ಮೂರನೇ ನಂಬರು.’

ಅಭ್ಯಾಸದಿಂದ ಬರೆದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತಿದ್ದೆ. ಬರೆದರೆ ಏನಾಗುತ್ತದೆಂದು ಗೊತ್ತಿತ್ತು. ಬರೆದ ಮೇಲೆ ಮ್ಯಾನೇಜರು ಬೆನ್ನು ತಟ್ಟಿದ. ನನಗೆ ಸಂತೋಷವಾಯಿತು. ಅದನ್ನೂ ಇಲ್ಲಿ ಹೇಳಬೇಕು.

ಆ ವಾರವೇ ಮ್ಯಾನೇಜರು ಎರಡನೇ ನಂಬರಿನ ರೈತನ ಬಳಿ ಒಬ್ಬನೇ ಹೋದ. ನಿಮ್ಮ ಹೆಂಡತಿಯ ವಿಷಯ ಕೇಳಿ ಬೇಸರವಾಯಿತು, ಪಟ್ಟಣಕ್ಕೆ ಹೋಗುವ ಯೋಚನೆಯಿದ್ದರೆ ನಾವು ತಡಮಾಡುವುದಿಲ್ಲ, ಈ ತಿಂಗಳಲ್ಲೇ ಮುಗಿಸೋಣ ಎಂದನಂತೆ. ಆತ ಸಹಿ ಹಾಕಿದ. ಬಾವಿ ಆತನ ಹಿಂದಿನ ಹೊಲದಲ್ಲಿ, ಅಕ್ಕನ ಬೇಲಿಗೆ ತಾಗಿದಂತೆ ಎಂದು ತೀರ್ಮಾನವಾಯಿತು. ನೀರಿನ ಷರತ್ತು ಬಿದ್ದುಹೋಯಿತು. ಕಂಪನಿ ತನ್ನ ಅನುಕೂಲದಂತೆ ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ ಎಂಬ ಒಂದು ಸಾಲು ಮಾತ್ರ ಉಳಿಯಿತು.

ಅದಾದ ಮೇಲೆ ಕಂಪನಿ ಊರಿನ ಹಾಲ್‌ನಲ್ಲಿ ಒಂದು ಸಭೆ ಕರೆಯಿತು. ಬೆಳಗಿನ ಹಾಲು ಕರೆದು ಮುಗಿದ ಮೇಲೆ, ಹನ್ನೊಂದು ಗಂಟೆಗೆ. ನಾನು ಹಿಂದೆ ಚಹಾದ ಮೇಜಿನ ಹತ್ತಿರ ಬಿಸ್ಕತ್ತಿನ ತಟ್ಟೆ ಹಿಡಿದು ನಿಂತಿದ್ದೆ. ಮ್ಯಾನೇಜರು ಮಾತು ಮುಗಿಸಿದ ಮೇಲೆ ಎರಡನೇ ನಂಬರಿನ ರೈತ ಎದ್ದ. ಕಂಪನಿಯ ಮೇಲೆ ಆತನಿಗೆ ಹೇಳುವುದೇನೂ ಇರಲಿಲ್ಲ. ಅಕ್ಕನ ಕಡೆ ತಿರುಗಿ, ನನ್ನ ಹೆಂಡತಿಯ ವಿಷಯ ನಾನು ಈ ಲೋಕದಲ್ಲಿ ಒಬ್ಬರಿಗೆ ಮಾತ್ರ ಹೇಳಿದ್ದೆ, ಅದು ಇವರ ಬಾಯಲ್ಲಿ ಹೇಗೆ ಬಂತು ಎಂದು ಕೇಳಿದ. ಆತನ ಧ್ವನಿ ಏರಲಿಲ್ಲ. ಆತನ ಹೆಂಡತಿ ಎರಡೂ ಕೈಗಳನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂತಿದ್ದಳು.

ಅಕ್ಕ ಎದ್ದು ನಿಂತರು. “ಹೌದು, ನಾನು ಒಬ್ಬರಿಗೆ ಹೇಳಿದೆ. ತಪ್ಪು ನನ್ನದು” ಎಂದರು ಇಂಗ್ಲಿಷಿನಲ್ಲಿ.

ಯಾರಿಗೆ ಎಂದು ಮೊದಲನೇ ನಂಬರಿನ ಮನೆಯವಳು ಕೇಳಿದಳು.

“ಹೇಳಿದ್ದು ನಾನು. ಅಷ್ಟು ಸಾಕು.”

ಅವರು ಚಹಾದ ಮೇಜಿನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ಇಡೀ ಹಾಲ್ ನೋಡುತ್ತಿತ್ತು. ಏನಕ್ಕಾಗಿ ಹೇಳಿದೆ ಎಂದಾದರೂ ಅವರು ಹೇಳಬಹುದಿತ್ತು. ನರ್ಸಿನ ಹೆಸರೆತ್ತಿದರೆ ನನ್ನ ಹೆಸರು ತಾನಾಗಿಯೇ ಬರುತ್ತಿತ್ತು, ಅದಕ್ಕೇ ಹೇಳಲಿಲ್ಲ. ಕೂತರು. ಅವರ ಎರಡು ಬದಿಯ ಕುರ್ಚಿಗಳೂ ಖಾಲಿ ಇದ್ದವು.

ಹತ್ತು ದಿನ ಬಿಟ್ಟು ನಾನು ಅವರ ಮನೆಗೆ ಹೋಗಬೇಕಾಯಿತು. ಪಕ್ಕದ ಜಮೀನಿನವರೆಂದು ಯಂತ್ರದ ಸದ್ದಿಗೆ ಅವರ ಒಪ್ಪಿಗೆಯ ಸಹಿ ಬೇಕಿತ್ತು. ಗೇಟು ಹಾಕಿತ್ತು. ತೆರೆದು, ಒಳಗೆ ಹೋಗಿ, ಹಾಕಿದೆ. ಬಾಳ್ಯಾ ಬೊಗಳದೆ ಬಂದು ಕೈ ಮೂಸಿತು. ಅಕ್ಕ ತಟ್ಟೆ ಹಾಕಿ ರೊಟ್ಟಿ, ಚಟ್ನಿ ಬಡಿಸಿದರು. ಕಾಗದಗಳನ್ನು ಒಂದೊಂದಾಗಿ ಓದಿ ಪ್ರತಿ ಪುಟಕ್ಕೂ ತಾರೀಕು, ಮೊದಲಕ್ಷರ ಹಾಕಿದರು. ಪೆನ್ನಿನ ಮುಚ್ಚಳ ಹಾಕಿ ಕೇಳಿದರು.

“ಆ ಮಾತು ಎಲ್ಲಿ ಇಟ್ರಿ, ಸರ್ವೇದವರ?”

ನಾನು ರೊಟ್ಟಿ ಮುರಿಯುತ್ತಿದ್ದೆ. “ನಾನು ಯಾರಿಗೂ ಹೇಳಿಲ್ಲ ಅಕ್ಕ” ಅಂದೆ.

ಅವರು ನನ್ನ ಲೋಟ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ನೀರು ತುಂಬಿ ಮುಂದಿಟ್ಟರು.

“ಹಂಗಾರ ನಾನಽ ಎಲ್ಲೋ ಬಿಟ್ಟಿರಬೇಕು ಬಿಡ್ರಿ. ವಯಸ್ಸಾತು.”

ಮುಂದೆ ನಾನು ಆ ಮನೆಯೊಳಗೆ ಹೋಗಲಿಲ್ಲ. ಬಾವಿಯ ಕೆಲಸಕ್ಕೆಂದು ಆ ರಸ್ತೆಯಲ್ಲಿ ಓಡಾಡುತ್ತಿದ್ದೆ. ಎರಡನೇ ನಂಬರಿನವರು ಹಸು ಮಾರಿ ಪಟ್ಟಣಕ್ಕೆ ಹೋದರು. ಅವರ ಜಮೀನನ್ನು ಬೇರೆ ಒಬ್ಬ ನೋಡಿಕೊಳ್ಳುತ್ತಿದ್ದ. ಮೊದಲನೇ ನಂಬರಿನವಳು ಅಕ್ಕನ ಕಾರು ಎದುರಾದರೆ ಕೈ ಎತ್ತುತ್ತಿರಲಿಲ್ಲ. ಆ ಸೀಮೆಯಲ್ಲಿ ಸ್ಟೀರಿಂಗಿನ ಮೇಲಿಂದ ಒಂದು ಬೆರಳೆತ್ತುವುದು ಉಸಿರಾಟದಷ್ಟು ಸಹಜ, ಗುರುತಿಲ್ಲದ ನನಗೂ ಎತ್ತುತ್ತಾರೆ. ಅಕ್ಕ ಎತ್ತುತ್ತಿದ್ದರು. ಎದುರಿನಿಂದ ಬರುತ್ತಿರಲಿಲ್ಲ.

ಮೂರು ತಿಂಗಳಿಗೊಮ್ಮೆ ಅವರು ಬಾಳ್ಯಾನ ಜೊತೆ ರಸ್ತೆಯ ಬಾಯಿಯವರೆಗೆ ನಡೆದು ಬಂದು ಉಳಿದ ಎರಡು ಮನೆಗಳ ಟಪಾಲು ಪೆಟ್ಟಿಗೆಗೆ ಒಂದೊಂದು ಹಾಳೆ ಹಾಕುವುದನ್ನು ನೋಡಿದ್ದೇನೆ. ಎರಡನೇ ನಂಬರಿನ ಹೊಸಬ ಒಮ್ಮೆ ಅದನ್ನು ನನಗೆ ತೋರಿಸಿ, ಈ ಮುದುಕಿ ಏನಿದು ಹಾಕುತ್ತಾಳೆ ಎಂದು ಕೇಳಿದ. ಒರತೆಯ ನೀರಿನ ಪರೀಕ್ಷೆಯ ಫಲಿತಾಂಶ. ತಾವೇ ಬಾಟಲಿ ತುಂಬಿ, ತಾವೇ ಲ್ಯಾಬಿಗೆ ಕಳಿಸಿ ತರಿಸಿದ್ದು. ಕೆಳಗೆ ತಾರೀಕು, ಮೊದಲಕ್ಷರ. ಕಂಪನಿ ಕೊಡದ ಷರತ್ತನ್ನು ಅವರು ಒಬ್ಬರೇ ನಡೆಸುತ್ತಿದ್ದರು, ಮಾತು ಬಿಟ್ಟವರ ಮನೆಗೂ ಸೇರಿಸಿ. ನೀರು ಕೆಟ್ಟಿರಲಿಲ್ಲ. ಆಮೇಲೂ ಕೆಡಲಿಲ್ಲ. ಕೆಡಲಿಲ್ಲವಲ್ಲ, ಏನಾಯಿತೀಗ ಎಂದು ನಾನು ಆ ಹಾಳೆಯ ಮೇಲೆ ಎಷ್ಟೋ ವರ್ಷ ನೆಮ್ಮದಿಯಿಂದ ಮಲಗಿದೆ.

ಅಂತ್ಯಕ್ರಿಯೆಗೆ ನಾನೂ ನನ್ನ ಹೆಂಡತಿಯೂ ಹೋದೆವು. ಮಗಳು ಬಾಗಿಲಲ್ಲಿ ನಿಂತು ಎಲ್ಲರ ಕೈ ಹಿಡಿಯುತ್ತಿದ್ದಳು. ನನ್ನ ಹೆಸರು ಕೇಳಿ ಅವಳ ಮುಖ ಅರಳಿತು.

“ಓ, ಯೂ ಆರ್ ದ ಗೇಟ್ ಅಂಕಲ್! ಅಮ್ಮ ಆ ಸ್ಟೋರಿ ಎಷ್ಟು ಸಲ ಹೇಳಿದಾಳೆ.”

ಅಷ್ಟೇ ಗೊತ್ತಿತ್ತು ಅವಳಿಗೆ. ಗೇಟಿನ ಕತೆ. ಹೆತ್ತ ಮಗಳಿಗೂ ಅಕ್ಕ ಉಳಿದದ್ದನ್ನು ಹೇಳಿರಲಿಲ್ಲ.

ಎರಡನೇ ನಂಬರಿನ ರೈತ ಬಂದಿದ್ದ. ಈಗ ಮುದುಕ, ಒಬ್ಬನೇ. ಗೋಡೆಯ ಹತ್ತಿರ ನಿಂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ನನಗೂ ಆತನಿಗೂ ನಡುವೆ ನಾಲ್ಕು ಹೆಜ್ಜೆ. ನಾನು ಚಹಾ ಮುಗಿಸಿದೆ, ಇನ್ನೊಂದು ಲೋಟ ತೆಗೆದುಕೊಂಡೆ, ಅದನ್ನೂ ಮುಗಿಸಿದೆ. ಆತ ಟೋಪಿ ಹಾಕಿಕೊಂಡು ಹೊರಟುಹೋದ.

ವಾಪಸ್ಸು ಬರುವಾಗ ವಾಂಗನುಯಿ ಊರು ದಾಟಿದ ಮೇಲೆ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ.

“ನನ್ನನ್ನ ಕೇಳೋಕೆ ಅಂತ ತಾನೇ ಅವರು ಹೇಳಿದ್ದು?” ಎಂದಳು. “ನೀವು ಕೇಳಲೇ ಇಲ್ವಲ್ಲರೀ. ನಮ್ಮ ಆಸ್ಪತ್ರೇಲಿ ಅದಕ್ಕೆ ಅಂತಲೇ ಒಬ್ಬಳು ನರ್ಸ್ ಇದ್ಲು. ಫಾರ್ಮ್‌ಗಳಿಗೇ ಹೋಗಿ ನೋಡಿ ಬರ್ತಿದ್ಲು.”

ಇದು ನನಗೆ ಗೊತ್ತಿರಲಿಲ್ಲ. ಕೇಳಿದ್ದರೆ ಗೊತ್ತಾಗುತ್ತಿತ್ತು. ಆ ಹೆಂಗಸು ತಾನು ಬಯಸಿದಂತೆ ತನ್ನ ಹೊಲದಲ್ಲೇ ಇನ್ನೂ ಕೆಲವು ವರ್ಷ ಇರುತ್ತಿದ್ದಳೋ ಏನೋ. ಅಕ್ಕ ನನ್ನ ಕೈಗೆ ಕೊಟ್ಟ ಮಾತು ಒಂದೇ, ಅದನ್ನು ಮುಟ್ಟಿಸಬೇಕಾದ ಕಡೆಗೆ ಮುಟ್ಟಿಸಲಿಲ್ಲ, ಮುಟ್ಟಿಸಬಾರದ ಕಡೆಗೆ ಮುಟ್ಟಿಸಿದೆ.

ಕಳೆದ ವಾರ ಎರಡನೇ ನಂಬರಿನ ರೈತನಿಗೆ ಇಂಗ್ಲಿಷಿನಲ್ಲಿ ಕಾಗದ ಬರೆದೆ. ವಿಳಾಸವನ್ನು ಅಕ್ಕನ ಮಗಳು ಹುಡುಕಿಕೊಟ್ಟಳು, ಏಕೆಂದು ಅವಳಿಗೂ ಹೇಳಿದೆ. ಅವಳು ಕೇಳಿಸಿಕೊಂಡು, ಫೋನಿನಲ್ಲಿ ವಿಳಾಸವನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. ಕಾಗದ ನಾಲ್ಕು ಸಾಲಿನದು. ನಿಮ್ಮ ಹೆಂಡತಿಯ ವಿಷಯ ನಿಮ್ಮ ನೆರೆಮನೆಯವರು ನನಗೆ ಹೇಳಿದ್ದು ನರ್ಸ್ ಆಗಿದ್ದ ನನ್ನ ಹೆಂಡತಿಯಿಂದ ಸಹಾಯ ಕೇಳಲು. ಅದನ್ನು ಕಂಪನಿಗೆ ಬರೆದುಕೊಟ್ಟವನು ನಾನು. ಅವರಿಗೆ ಅದು ಗೊತ್ತಿತ್ತು, ನನ್ನನ್ನು ಕಾಪಾಡಿದರು. ನಿಮ್ಮ ಕೈ ಕುಲುಕಿ ಕೊಟ್ಟ ಮಾತನ್ನು ಅವರು ಮುರಿಯಲಿಲ್ಲ.

ಹೆಂಡತಿ ಓದಿ ನೋಡಿ, ಮೊದಲ ಸಾಲಿನ ಮೇಲೆ ಬೆರಳಿಟ್ಟಳು. ‘ನಿಮ್ಮ ನೆರೆಮನೆಯವರು’ ಎಂದು ಬರೆದಿದ್ದೆ. ಇದು ಯಾರು ಎಂದು ಕೇಳಿದಳು. ಆಗಲೇ ನನಗೆ ಕಂಡದ್ದು, ಈ ಬರಹದಲ್ಲಿಯೂ ಇಲ್ಲಿಯವರೆಗೆ ಹಾಗೆಯೇ ಮಾಡಿದ್ದೇನೆ ಎಂದು. ನಮೂನೆಯಲ್ಲಿ ನಂಬರು, ಇಲ್ಲಿ ಅಕ್ಕ. ಹೆಸರು ಬರೆದರೆ ಎದುರಿಗೆ ಬಂದು ಕೂರುತ್ತಾರೆ ಎಂಬ ಅಂಜಿಕೆ.

ಆ ಪದಗಳನ್ನು ಹೊಡೆದುಹಾಕಿ ಮೇಲೆ ಅವರ ಹೆಸರು ಬರೆದೆ. ಕೆಳಗೆ ಅವರಂತೆಯೇ ತಾರೀಕು ಹಾಕಿ ಸಹಿ ಮಾಡಿದೆ. ಅವರಿಗೆ ತಪ್ಪಾಯಿತೆಂದು ಹೇಳಲು ನನಗೆ ಎಷ್ಟೋ ವರ್ಷಗಳಿದ್ದವು, ಹೇಳಲಿಲ್ಲ. ‘ತಿಳಿಸಿದವರು’ ಎಂಬುದರ ಮುಂದೆ ಅವತ್ತು ನಾನು ಬರೆಯದೆ ಬಿಟ್ಟದ್ದು ಇದು: ದಾಕ್ಷಾಯಣಿ.